ಬೆಲೆ ಕಟ್ಟದೆ ಕಳುಹಿಸಿಕೊಟ್ಟ ಬರಿಗಾಲು: ಬೆಂಗಳೂರಿನ ಅಹಮದ್ ಖಾನ್

2017ರ ಆಗಸ್ಟ್ ತಿಂಗಳಲ್ಲಿ ಫುಟ್ಬಾಲ್ ಲೋಕದಿಂದ ಎರಡು ಸುದ್ದಿಗಳು ಬಂದವು. ಮೊದಲನೆಯದು ತಿಂಗಳ 3ನೇ ತಾರೀಖಿನದು. ಬ್ರೆಜಿಲಿನ ನೇಮರ್ ಸ್ಪೇನಿನ ಬಾರ್ಸಿಲೋನಾ ತೊರೆದು ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ ಸೇರಿದರು. ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ತೆತ್ತ ಹಣ 22 ಕೋಟಿ 20 ಲಕ್ಷ ಯೂರೊ. ಅಂದಿನ ವಿನಿಮಯ ದರದಲ್ಲಿ 1,600 ಕೋಟಿ ರೂಪಾಯಿಗೂ ಮಿಕ್ಕ ಮೊತ್ತ. ಅದು ಜಗತ್ತಿನ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಎರಡನೆಯ ಸುದ್ದಿ 27ನೇ ತಾರೀಖಿನದು. ಬೆಂಗಳೂರಿನಲ್ಲಿ ತೊಂಬತ್ತು ವರ್ಷದ ವೃದ್ಧರೊಬ್ಬರು ನಿಧನರಾದರು. ಅದು ಒಳಪುಟಗಳ ಕ್ರೀಡಾ ಅಂಕಣದಲ್ಲಿ ಒಂದಿಷ್ಟು ಜಾಗ ಪಡೆಯಿತು. ಕೋಲ್ಕತ್ತದ ಮುದುಕರಿಗೆ ಮಾತ್ರ ಆ ಸುದ್ದಿ ಮನೆಯ ಸಾವಿನಂತೆ ತಟ್ಟಿತು.

ಆ ವೃದ್ಧರ ಹೆಸರು ಅಹಮದ್ ಖಾನ್. ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದವರು. ಸ್ವಾತಂತ್ರ್ಯ ಬಂದ ಮೊದಲ ದಶಕದಲ್ಲಿ ಈ ದೇಶ ಕಂಡ ಅತ್ಯಂತ ಚತುರ ಮುಂಚೂಣಿ ಆಟಗಾರರಲ್ಲಿ ಒಬ್ಬರು. 1949ರಲ್ಲಿ ಅವರು ಬೆಂಗಳೂರಿನಿಂದ ಕಲ್ಕತ್ತೆಗೆ ಹೋದಾಗ ಯಾವ ಮೊತ್ತವೂ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಅಚ್ಚಾಗಲು ಮೊತ್ತವೇ ಇರಲಿಲ್ಲ.

ಅಹಮದ್ ಖಾನ್ ಜನಿಸಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಮನೆತನವೇ ಕಾಲ್ಚೆಂಡಿನದು, ತಂದೆಯೂ ಸೋದರರೂ ಆಟಗಾರರು. ಆ ಕಾಲದ ಬೆಂಗಳೂರು ಎರಡು ಊರುಗಳ ಊರು. ಪೇಟೆಯ ಕಡೆ ಗರಡಿಮನೆಗಳಿದ್ದರೆ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಮೈದಾನಗಳಿದ್ದವು. ಬ್ರಿಟಿಷ್ ಸೈನ್ಯದ ತುಕಡಿಗಳು ಸಂಜೆಯಾದರೆ ಚೆಂಡು ಹಿಡಿದು ಮೈದಾನಕ್ಕಿಳಿಯುತ್ತಿದ್ದವು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನುಗಳ ಹುಡುಗರು ಮೊದಲು ಅಂಚಿನಲ್ಲಿ ನಿಂತು ನೋಡಿದರು, ಆಮೇಲೆ ಚೆಂಡು ಹೆಕ್ಕಿಕೊಟ್ಟರು, ಕೊನೆಗೆ ಆಡಿ ಸೋಲಿಸಿದರು. ಬೂಟು ಕೊಳ್ಳುವ ಶಕ್ತಿ ಇಲ್ಲದಿದ್ದರಿಂದ ಬರಿಗಾಲಿನಲ್ಲೇ ಆಡಿದರು. ಬರಿಗಾಲಿಗೆ ಚೆಂಡಿನ ಮೈ ತಿಳಿಯುತ್ತದೆ. ಎದುರಾಳಿಯ ಬೂಟಿನ ಹೊಡೆತವೂ ತಿಳಿಯುತ್ತದೆ. ಆದ್ದರಿಂದಲೇ ತಪ್ಪಿಸಿಕೊಳ್ಳುವ ಕಲೆ ಇಲ್ಲಿನವರಿಗೆ ಒಲಿಯಿತು ಎಂದು ಊಹಿಸಿದರೆ ತಪ್ಪಾಗಲಾರದು.

ಹುಡುಗನಿಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿದ್ದಾಗ ಬೆಂಗಳೂರು ದೊಡ್ಡ ಸಾಹಸವೊಂದನ್ನು ಮಾಡಿತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಪಂದ್ಯಾವಳಿ. ಅಲ್ಲಿಂದ ನಾಲ್ಕೂವರೆ ದಶಕ ಅದನ್ನು ಸೈನ್ಯದ ತಂಡಗಳೇ ಗೆಲ್ಲುತ್ತ ಬಂದಿದ್ದವು. 1937ರಲ್ಲಿ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು ಆಕಸ್ಮಿಕವಲ್ಲ ಎಂಬುದಕ್ಕೆ ಮರುವರ್ಷ ಮತ್ತೆ ಗೆದ್ದರು. 1911ರಲ್ಲಿ ಮೋಹನ್ ಬಾಗಾನ್ ತಂಡ ಐಎಫ್‌ಎ ಶೀಲ್ಡ್ ಗೆದ್ದ ಕಥೆಯನ್ನು ಬಂಗಾಳ ಇಂದಿಗೂ ಹಾಡಿ ಹೊಗಳುತ್ತದೆ. ಅದರ ಮೇಲೆ ಪುಸ್ತಕಗಳಿವೆ, ಸಿನಿಮಾ ಇದೆ. 1937ರ ಬೆಂಗಳೂರನ್ನು ಬೆಂಗಳೂರೇ ಮರೆತಿದೆ. ಇರಲಿ. ಅಹಮದ್ ಖಾನ್ ಬೆಳೆದದ್ದು ಈ ಗೆಲುವಿನ ನೆರಳಿನಲ್ಲಿ. ಬೆಂಗಳೂರು ಕ್ರೆಸೆಂಟ್ಸ್, ಬೆಂಗಳೂರು ಮುಸ್ಲಿಮ್ಸ್ ಎಂಬ ಸ್ಥಳೀಯ ಕ್ಲಬ್ಬುಗಳೇ ಅವರ ಪಾಠಶಾಲೆ.

ಮಹಾಯುದ್ಧ ಮುಗಿಯುವ ಹೊತ್ತಿಗೆ ಮೈಸೂರು ಸಂಸ್ಥಾನದ ಫುಟ್ಬಾಲ್ ಪ್ರಾಯಕ್ಕೆ ಬಂದಿತ್ತು. ಒಂದು ಕಡೆ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ತಂಡಗಳು, ಇನ್ನೊಂದು ಕಡೆ ದಂಡಿನ ಹುಡುಗರು. 1946-47ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೆಯಿತು. ಫೈನಲಿನಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಾರ್ಯದರ್ಶಿಗಳು ದಕ್ಷಿಣದತ್ತ ಕಣ್ಣು ನೆಟ್ಟು ಕೂರಲು ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವೊ ನಾಯಕ. ತಂಡದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್, ಧನರಾಜ್, ವಜ್ರವೇಲು, ಷಣ್ಮುಗಂ ಮುಂತಾದವರಿದ್ದರು. ಅವರ ಜೊತೆಗೆ ಇಪ್ಪತ್ತೊಂದರ ಅಹಮದ್. ಜುಲೈ 31ರಂದು ಲಂಡನ್ನಿನ ಅಂಚಿನ ಇಲ್‌ಫೋರ್ಡಿನ ಮೈದಾನದಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಭಾರತದ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಇಳಿದದ್ದನ್ನು ಕಂಡು ಪ್ರೇಕ್ಷಕರು ಬೆರಗಾದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು; ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳನ್ನು ಭಾರತ ಕೈಚೆಲ್ಲಿತು. ಆಟ ಮುಗಿಯುವ ಮುನ್ನ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಮನಗೆದ್ದ ಪಂದ್ಯ. ಚೆಂಡನ್ನು ಕಾಲಿಗೆ ಕಟ್ಟಿಕೊಂಡವರಂತೆ ಎದುರಾಳಿಗಳ ನಡುವೆ ಹೆಣೆದುಕೊಂಡು ಹೋಗುತ್ತಿದ್ದ ಅಹಮದ್ ಖಾನರಿಗೆ ಅಲ್ಲಿ ಹಾವಾಡಿಗನೆಂಬ ಅಡ್ಡಹೆಸರು ಬಿತ್ತು. ಆ ಕಾಲದ ಆಂಗ್ಲರ ಕಣ್ಣಿಗೆ ಭಾರತವೆಂದರೆ ಹಾವಾಡಿಗರ ನಾಡೇ ತಾನೆ! ಹೆಸರಿನಲ್ಲಿ ಸ್ವಲ್ಪ ಅಣಕವಿದ್ದಿರಬಹುದು, ಆದರೆ ಮೆಚ್ಚುಗೆ ಅದಕ್ಕಿಂತ ಹೆಚ್ಚಾಗಿತ್ತು.

ಅದೇ ಇಂಗ್ಲೆಂಡಿನಲ್ಲಿ ಅಷ್ಟು ಹೊತ್ತಿಗೆ ಆಟಗಾರನ ಕಾಲಿಗೆ ಬೆಲೆ ಕಟ್ಟುವ ಪದ್ಧತಿಗೆ ಅರ್ಧ ಶತಮಾನ ದಾಟಿತ್ತು. ಆ ಪದ್ಧತಿಯ ಗುಟ್ಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಹಮದ್ ಖಾನರ ಕಥೆಯ ಮರ್ಮ ಅದರಲ್ಲೇ ಇದೆ. 1885ರಲ್ಲಿ ಇಂಗ್ಲೆಂಡ್ ವೃತ್ತಿಪರ ಆಟಕ್ಕೆ ಒಪ್ಪಿಗೆ ನೀಡಿತು. ಹಣವಿದ್ದ ಕ್ಲಬ್ಬುಗಳು ಬಡ ಕ್ಲಬ್ಬುಗಳ ಆಟಗಾರರನ್ನು ಸೆಳೆಯತೊಡಗಿದವು. ಇದನ್ನು ತಡೆಯಲು ಆಟಗಾರನ ನೋಂದಣಿ ಕ್ಲಬ್ಬಿನ ಸ್ವತ್ತು ಎಂಬ ನಿಯಮ ಬಂತು. ಹಳೆಯ ಕ್ಲಬ್ಬು ಬಿಟ್ಟುಕೊಡದೆ ಆತ ಬೇರೆಡೆ ಆಡುವಂತಿಲ್ಲ. ಬಿಟ್ಟುಕೊಡಬೇಕಾದರೆ ಹೊಸ ಕ್ಲಬ್ಬು ಹಣ ತೆರಬೇಕು. ಇದೇ ವರ್ಗಾವಣೆ ಶುಲ್ಕ. ಹುಡುಗನನ್ನು ಬೆಳೆಸಿದವರಿಗೆ ಬೆಳೆಸಿದ ಖರ್ಚಾದರೂ ಹುಟ್ಟಲಿ ಎಂಬುದು ಇದರ ಪರವಾಗಿ ಕೊಡುತ್ತಿದ್ದ ಸಮರ್ಥನೆ. 1905ರಲ್ಲಿ ಸಂಡರ್ಲೆಂಡಿನ ಆಲ್ಫ್ ಕಾಮನ್ ಎಂಬ ದಾಂಡಿಗನನ್ನು ಮಿಡಲ್ಸ್‌ಬರೊ ಕ್ಲಬ್ಬು 1,000 ಪೌಂಡ್ ಕೊಟ್ಟು ಕೊಂಡಾಗ ಇಂಗ್ಲೆಂಡ್ ಹೌಹಾರಿತು. 1928ರಲ್ಲಿ ಡೇವಿಡ್ ಜ್ಯಾಕ್ ಎಂಬಾತನಿಗಾಗಿ ಆರ್ಸೆನಲ್ 10,000 ಪೌಂಡಿನ ಗಡಿ ದಾಟಿತು. 1949ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಜಾನಿ ಮಾರಿಸ್‌ಗಾಗಿ ಡರ್ಬಿ ಕೌಂಟಿ ತೆತ್ತದ್ದು 24,500 ಪೌಂಡ್.

ಈ ಹಣದಲ್ಲಿ ಆಟಗಾರನಿಗೆ ಸಿಗುತ್ತಿದ್ದುದೆಷ್ಟು? ಸಹಿ ಹಾಕಿದ್ದಕ್ಕೆ 10 ಪೌಂಡ್! ಸಂಬಳಕ್ಕೂ ಗರಿಷ್ಠ ಮಿತಿಯಿತ್ತು; ಆ ವರ್ಷ ಅದು ವಾರಕ್ಕೆ 12 ಪೌಂಡ್. 1961ರವರೆಗೆ ಈ ಮಿತಿ ತೊಲಗಲಿಲ್ಲ. ಆದ್ದರಿಂದ ವರ್ಗಾವಣೆ ಶುಲ್ಕವೆಂದರೆ ಆಟಗಾರನ ಗಳಿಕೆ ಎಂದು ತಿಳಿಯುವುದು ಇಂದಿಗೂ ಹಲವರು ಮಾಡುವ ತಪ್ಪು. ಅದು ಆತ ಬಿಟ್ಟುಹೋದ ಊರಿಗೆ ಸಂದಾಯವಾಗುವ ಹಣ. ಮೈದಾನ ಸರಿಪಡಿಸಲು, ಗ್ಯಾಲರಿ ಕಟ್ಟಲು, ಮತ್ತೊಬ್ಬ ಹುಡುಗನನ್ನು ಹುಡುಕಲು ಊರಿನ ಕೈಯಲ್ಲಿ ಉಳಿಯುವ ಹಣ.

ಜಾನಿ ಮಾರಿಸ್ ಡರ್ಬಿಗೆ ಹೋದ ಅದೇ 1949ರಲ್ಲಿ ಅಹಮದ್ ಖಾನ್ ಕಲ್ಕತ್ತೆಗೆ ಹೋದರು.

ಅವರನ್ನು ಕರೆದದ್ದು ಈಸ್ಟ್ ಬೆಂಗಾಲ್ ಕ್ಲಬ್ಬು. ದೇಶ ವಿಭಜನೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಂದ ಕಲ್ಕತ್ತೆ ತುಂಬಿಹೋಗಿತ್ತು. ರೈಲು ನಿಲ್ದಾಣದ ಪ್ಲಾಟ್‌ಫಾರಂ, ಬಯಲು, ಗುಡಿಸಲುಗಳಲ್ಲಿ ದಿನ ದೂಡುತ್ತಿದ್ದ ಆ ಜನಕ್ಕೆ ಕಳೆದುಹೋದ ತವರಿನ ಹೆಸರು ಉಳಿದಿದ್ದ ಸ್ಥಳ ಈ ಕ್ಲಬ್ಬೊಂದೇ. ಅದು ಗೆದ್ದರೆ ಅವರು ಗೆದ್ದಂತೆ. ಆ ಗೆಲುವನ್ನು ಕಟ್ಟಿಕೊಡುವ ಹೊಣೆ ಹೊತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣ ಭಾರತವನ್ನು ಜಾಲಾಡಿದರು. ಕಾಕಿನಾಡದ ಅಪ್ಪಾರಾವ್, ತಿರುವಾಂಕೂರಿನ ಸಾಲೆ ಆಗಲೇ ಅಲ್ಲಿದ್ದರು. ಬೆಂಗಳೂರಿನಿಂದ ವೆಂಕಟೇಶ್ ಮತ್ತು ಧನರಾಜ್ ಬಂದರು. ಕೊನೆಯವರಾಗಿ ಬಂದವರು ಅಹಮದ್ ಖಾನ್. ಮುಂಚೂಣಿಯ ಐದು ಸ್ಥಾನಗಳು ಭರ್ತಿಯಾದವು: ಬಲ ಅಂಚಿನಲ್ಲಿ ವೆಂಕಟೇಶ್, ಅವರ ಪಕ್ಕ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಗೆ ಅಹಮದ್, ಎಡ ಅಂಚಿನಲ್ಲಿ ಸಾಲೆ. ಕಲ್ಕತ್ತೆಯ ಜನ ಇವರನ್ನು ಪಂಚ ಪಾಂಡವರೆಂದು ಕರೆದರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ, ಮೂವರು ಬೆಂಗಳೂರಿನವರು. ಐವರಲ್ಲಿ ಇಬ್ಬರು ಮುಸ್ಲಿಮರು. ವಿಭಜನೆಯ ಗಾಯ ಹಸಿಯಾಗಿದ್ದ ಹಿಂದೂ ನಿರಾಶ್ರಿತರು ಸಾಲೆಯವರನ್ನೂ ಅಹಮದ್ ಖಾನರನ್ನೂ ಪಾಂಡವರ ಸಾಲಿನಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತರು ಎಂಬುದನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಿತ್ತು.

ಈ ವಲಸೆಗೆ ಬೆಂಗಳೂರಿನ ಕ್ಲಬ್ಬುಗಳಿಗೆ ಸಂದದ್ದೇನು? ಏನೂ ಇಲ್ಲ. ಭಾರತದಲ್ಲಿ ಫುಟ್ಬಾಲ್ ಅಂದು ಹವ್ಯಾಸಿಗಳ ಆಟ. ಒಲಿಂಪಿಕ್ಸ್‌ನಲ್ಲಿ ಆಡಬೇಕಾದರೆ ಹವ್ಯಾಸಿಯಾಗಿರುವುದೇ ಅರ್ಹತೆ. ಹವ್ಯಾಸಿಗೆ ಸಂಬಳವಿಲ್ಲ, ಸಂಬಳವಿಲ್ಲದವನಿಗೆ ಕರಾರಿಲ್ಲ, ಕರಾರಿಲ್ಲದವನಿಗೆ ವರ್ಗಾವಣೆ ಶುಲ್ಕವೆಲ್ಲಿಂದ ಬರಬೇಕು? ಆಟಗಾರ ಹೊಸ ಕ್ಲಬ್ಬಿಗೆ ಸಹಿ ಹಾಕಿದರೆ ಮುಗಿಯಿತು. ಕ್ಲಬ್ಬುಗಳು ಉದ್ಯೋಗ, ವಸತಿ, ಖರ್ಚಿಗೆ ಕಾಸು ಎಂದು ಬೇರೆ ಬೇರೆ ಹೆಸರಿನಲ್ಲಿ ಆಟಗಾರರನ್ನು ನೋಡಿಕೊಳ್ಳುತ್ತಿದ್ದವು. ಅದು ಎಲ್ಲರಿಗೂ ತಿಳಿದಿದ್ದ ಗುಟ್ಟು. ಆದರೆ ಹುಡುಗನನ್ನು ಬೆಳೆಸಿದ ಊರಿನ ಪಾಲು ಎಂಬ ಅಂಕಣ ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಅಲ್ಲಿನ ಬಸದಿ, ಗುಡಿಗಳ ಸುತ್ತ ನಿಂತ ಶಾಸನಗಳನ್ನು ನೋಡಿರುತ್ತಾರೆ. ಸಾವಿರ ವರ್ಷಗಳ ಹಿಂದೆ ಯಾರು ಯಾರಿಗೆ ಏನು ಕೊಟ್ಟರು ಎಂಬ ದತ್ತಿಯ ವಿವರ ಕಲ್ಲಿನಲ್ಲಿ ಕೊರೆದು ನಿಂತಿದೆ. ಕೊಟ್ಟದ್ದನ್ನೂ ಪಡೆದದ್ದನ್ನೂ ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ನಾಡು, ತನ್ನ ಮೈದಾನಗಳಿಂದ ಹೊರಟುಹೋದ ಆಟಗಾರರ ಬಗ್ಗೆ ಒಂದು ಚೀಟಿಯನ್ನೂ ಬರೆಯಲಿಲ್ಲ.

ಪಂಚ ಪಾಂಡವರು ಒಟ್ಟಿಗೆ ಆಡಿದ ಐದು ಋತುಗಳು, 1949ರಿಂದ 1953ರವರೆಗೆ, ಈಸ್ಟ್ ಬೆಂಗಾಲಿನ ಸುವರ್ಣ ಕಾಲ. ಮೊದಲ ವರ್ಷವೇ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. ಶೀಲ್ಡನ್ನು 1950, 1951ರಲ್ಲೂ ಗೆದ್ದು ಹ್ಯಾಟ್ರಿಕ್ ಸಾಧಿಸಿದರು. 1951 ಮತ್ತು 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ ಅವರದಾಯಿತು. ಪಟ್ಟಿ ಇನ್ನೂ ಉದ್ದವಿದೆ. ಆದರೆ ಆ ಕಾಲದ ಪ್ರೇಕ್ಷಕರು ನೆನಪಿಟ್ಟುಕೊಂಡದ್ದು ಕಪ್ಪುಗಳನ್ನಲ್ಲ. ಕಲ್ಕತ್ತೆಯ ಮಳೆಗಾಲದ ಕೆಸರಿನಲ್ಲಿ ಬೂಟು ತೊಟ್ಟವರು ಜಾರುತ್ತಿದ್ದಾಗ ಗಟ್ಟಿಯಾಗಿ ನೆಲಕಚ್ಚಿ ನಿಲ್ಲುತ್ತಿದ್ದ ಪಾದಗಳನ್ನು, ಎಡಗಡೆಯಲ್ಲಿ ಅಹಮದ್ ಮತ್ತು ಸಾಲೆ ಚೆಂಡನ್ನು ಅದಲುಬದಲು ಮಾಡುತ್ತ ರಕ್ಷಣಾ ಸಾಲನ್ನು ಬಿಡಿಸುತ್ತಿದ್ದ ಸೊಗಸನ್ನು. ಅಹಮದ್ ಖಾನ್ ಗೋಲುಗಳ ಹಸಿವಿನ ಆಟಗಾರರಲ್ಲ. ಇಬ್ಬರು ಮೂವರನ್ನು ತಮ್ಮತ್ತ ಸೆಳೆದುಕೊಂಡು, ತೆರವಾದ ಜಾಗಕ್ಕೆ ಚೆಂಡನ್ನು ತಳ್ಳಿ, ಗೋಲಿನ ಕೀರ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಅವರ ರೀತಿ. ಇಂಥವರಿಗೆ ಬೆಲೆ ಕಟ್ಟುವುದು ಇಂದಿನ ಮಾರುಕಟ್ಟೆಗೂ ಕಷ್ಟವೇ.

1950ರಲ್ಲಿ ಬ್ರೆಜಿಲಿನಲ್ಲಿ ವಿಶ್ವಕಪ್ ನಡೆಯಿತು. ಭಾರತಕ್ಕೆ ಅರ್ಹತೆ ಸಿಕ್ಕಿತ್ತು, ಆದರೆ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂಬುದು ಜನಪ್ರಿಯ ಕಥೆ. ಅಂದಿನ ಫೆಡರೇಷನ್ನಿಗೆ ವಿಶ್ವಕಪ್ಪಿನ ಮಹತ್ವವೇ ತಿಳಿದಿರಲಿಲ್ಲ, ಒಲಿಂಪಿಕ್ಸ್ ಒಂದೇ ದೊಡ್ಡದೆಂದು ಭಾವಿಸಿತ್ತು ಎಂಬುದು ಹೆಚ್ಚು ನಂಬಲರ್ಹವಾದ ವಿವರಣೆ. ಅಹಮದ್ ಖಾನರಿಗೆ ಆಗ ಇಪ್ಪತ್ತಮೂರು ವರ್ಷ. ಒಬ್ಬ ಆಟಗಾರನನ್ನು ಜಗತ್ತು ನೋಡಬೇಕಾದ ವಯಸ್ಸು ಅದು. ನೋಡಲಿಲ್ಲ.

ಏಷ್ಯಾ ಮಾತ್ರ ನೋಡಿತು. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಂಡೋನೇಷ್ಯ, ಅಫ್ಘಾನಿಸ್ತಾನಗಳನ್ನು ತಲಾ 3-0ಯಿಂದ ಸೋಲಿಸಿದ ಭಾರತ ಫೈನಲಿನಲ್ಲಿ ಇರಾನ್ ತಂಡವನ್ನು ಎದುರಿಸಿತು. ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಭಾರತದ್ದಾಯಿತು. ಆ ತಂಡವನ್ನು ಸಿದ್ಧಗೊಳಿಸಿದವರು ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್. ಅದೇ ಮಾರ್ಚ್ ತಿಂಗಳಲ್ಲಿ, ದೂರದ ಇಂಗ್ಲೆಂಡಿನಲ್ಲಿ, ನಾಟ್ಸ್ ಕೌಂಟಿಯ ಜಾಕಿ ಸೂವೆಲ್ ಎಂಬಾತನನ್ನು ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬು 34,500 ಪೌಂಡಿಗೆ ಕೊಂಡು ಬ್ರಿಟನ್ನಿನ ಹೊಸ ದಾಖಲೆ ಬರೆಯಿತು. ಸೂವೆಲ್ ಅಹಮದ್ ಖಾನರಿಗಿಂತ ಒಂದು ತಿಂಗಳಷ್ಟೇ ಕಿರಿಯರು. ಆಡುತ್ತಿದ್ದುದೂ ಅವರಂತೆಯೇ ಮುಂಚೂಣಿಯ ಒಳ ಸ್ಥಾನದಲ್ಲಿ. ಅವರನ್ನು ಕಳೆದುಕೊಂಡ ನಾಟಿಂಗ್‌ಹ್ಯಾಮಿನ ಕ್ಲಬ್ಬಿಗೆ ಆ ಹಣವಾದರೂ ಉಳಿಯಿತು.

ಮರುವರ್ಷ ಹೆಲ್ಸಿಂಕಿ. ಈ ಅಧ್ಯಾಯವನ್ನು ಭಾರತೀಯ ಫುಟ್ಬಾಲ್ ಮರೆಯಲು ಬಯಸುತ್ತದೆ. 1952ರ ಜುಲೈ 15ರಂದು ಯುಗೊಸ್ಲಾವಿಯ ವಿರುದ್ಧದ ಪಂದ್ಯ. ಎದುರಾಳಿಗಳು ಆ ಕೂಟದಲ್ಲಿ ಬೆಳ್ಳಿ ಪದಕ ಗೆದ್ದ ಬಲಿಷ್ಠ ತಂಡದವರು. ಉತ್ತರ ಧ್ರುವಕ್ಕೆ ಹತ್ತಿರದ ನಾಡು, ಚಳಿ, ಒದ್ದೆ ಹುಲ್ಲು; ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಗೋಲುಗಳು ಒಂದರ ಹಿಂದೆ ಒಂದು ಬಿದ್ದವು. ಹತ್ತು ಗೋಲು ತಿಂದ ಮೇಲೆ, ಆಟ ಮುಗಿಯಲು ಒಂದು ನಿಮಿಷವಿರುವಾಗ, ಯಾರೂ ಲೆಕ್ಕಕ್ಕೆ ಇಡದ ಹೊತ್ತಿನಲ್ಲಿ, ಅಹಮದ್ ಖಾನ್ ಒಂದು ಗೋಲು ಹೊಡೆದರು. 10-1. ಆ ಒಂದು ಗೋಲು ಸೋಲನ್ನು ಕಡಿಮೆ ಮಾಡಲಿಲ್ಲ. ಆದರೆ ಹತ್ತು ಗೋಲುಗಳ ನಂತರವೂ 89ನೇ ನಿಮಿಷದಲ್ಲಿ ಎದುರಾಳಿಯ ಆವರಣದೊಳಗೆ ನುಗ್ಗುವ ಮನಸ್ಸು ಉಳಿದಿತ್ತಲ್ಲ, ಅದು ಆ ಮನುಷ್ಯನ ಬಗ್ಗೆ ಏನನ್ನೋ ಹೇಳುತ್ತದೆ. ಇನ್ನೊಂದು ಸಂಗತಿಯನ್ನು ಕನ್ನಡಿಗರು ತಿಳಿದಿರಬೇಕು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ರಾಮನ್ ಅವರದು, ಎರಡನೆಯದು ಅಹಮದ್ ಖಾನರದು. ಎರಡೂ ಬೆಂಗಳೂರಿನ ಕಾಲುಗಳಿಂದ ಬಂದವು.

ಹೆಲ್ಸಿಂಕಿಯ ಪಾಠದ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತು. ಹವ್ಯಾಸದ ಯುಗ ಮುಗಿಯಲಿಲ್ಲ. ಆ ವರ್ಷವೇ ಸ್ವೀಡನ್ನಿನ ಹಾನ್ಸ್ ಯೆಪ್ಸನ್ ಎಂಬ ಆಟಗಾರನಿಗಾಗಿ ಇಟಲಿಯ ನಾಪೋಲಿ ಕ್ಲಬ್ಬು 10 ಕೋಟಿ 50 ಲಕ್ಷ ಲಿರಾ ಸುರಿಯಿತು. ಪೌಂಡಿನಲ್ಲಿ ಐವತ್ತು ಸಾವಿರ ದಾಟಿದ ಆ ಮೊತ್ತ ಅಂದಿನ ವಿಶ್ವದಾಖಲೆ. ಇನ್ನು ಐದು ವರ್ಷಕ್ಕೆ ಅರ್ಜೆಂಟೀನದ ಒಮರ್ ಸಿವೊರಿಗೆ ಯುವೆಂಟಸ್ ತೊಂಬತ್ತು ಸಾವಿರ ಪೌಂಡಿಗೂ ಹೆಚ್ಚು ತೆತ್ತಿತು. ಆ ಹಣದಿಂದ ಬ್ಯೂನೊಸ್ ಐರಿಸ್‌ನ ರಿವರ್ ಪ್ಲೇಟ್ ಕ್ಲಬ್ಬು ತನ್ನ ಕ್ರೀಡಾಂಗಣದ ಅರ್ಧವಾಗಿ ನಿಂತಿದ್ದ ಗ್ಯಾಲರಿಯ ಒಂದು ಭಾಗವನ್ನು ಕಟ್ಟಿಕೊಂಡಿತು. ಆಟಗಾರ ಹೋದ, ಗ್ಯಾಲರಿ ಉಳಿಯಿತು.

ಕಲ್ಕತ್ತೆಯಲ್ಲಿ ವರ್ಗಾವಣೆಯ ದಿನಗಳು ಬೇರೆಯದೇ ರೀತಿಯ ನಾಟಕವಾಗಿ ಬೆಳೆದವು. ಪ್ರತಿ ವರ್ಷ ಸಹಿ ಹಾಕುವ ಕಾಲ ಬಂದರೆ ಕ್ಲಬ್ಬಿನವರು ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ, ಹೋಟೆಲುಗಳಲ್ಲಿ ಅಡಗಿಸಿಡುವುದು, ಎದುರಾಳಿ ಕ್ಲಬ್ಬಿನವರು ಅವರನ್ನು ಹಾರಿಸಿಕೊಂಡು ಹೋಗುವುದು, ಅಭಿಮಾನಿಗಳು ಐಎಫ್‌ಎ ಕಚೇರಿಯ ಮುಂದೆ ಗುಂಪುಗೂಡುವುದು ದಶಕಗಳ ಕಾಲ ನಡೆದ ವಾರ್ಷಿಕ ಜಾತ್ರೆ. ಶುಲ್ಕವಿಲ್ಲದ ಕಡೆ ಮಾರುಕಟ್ಟೆ ಇರುವುದಿಲ್ಲವೆಂದಲ್ಲ. ಅದು ಹಿಂಬಾಗಿಲಿನಿಂದ ನಡೆಯುತ್ತದೆ, ಅಷ್ಟೆ. ಇಂಥ ಊರಿನಲ್ಲಿ ಅಹಮದ್ ಖಾನ್ ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿದರು. 1953ರಲ್ಲಿ ಈಸ್ಟ್ ಬೆಂಗಾಲ್ ರೊಮೇನಿಯ ಮತ್ತು ಸೋವಿಯತ್ ಒಕ್ಕೂಟಗಳ ಪ್ರವಾಸ ಮಾಡಿತು. ಆಮೇಲೆ ಪಾಂಡವರು ಒಬ್ಬೊಬ್ಬರಾಗಿ ಚದುರಿದರು. ಅಹಮದ್ ಉಳಿದರು. 1959ರಲ್ಲಿ ಆಟ ನಿಲ್ಲಿಸುವ ಹೊತ್ತಿಗೆ ಅವರಿಗೆ ಮೂವತ್ತೆರಡು ದಾಟಿತ್ತು. ಅರ್ಜುನ ಪ್ರಶಸ್ತಿ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1961ರಲ್ಲಿ.

ಅವರು ಹೋದ ದಾರಿಯಲ್ಲೇ ಬೆಂಗಳೂರಿನ ಮಕ್ಕಳು ಹೋಗುತ್ತಲೇ ಇದ್ದರು. ರಾಮನ್ ಮೋಹನ್ ಬಾಗಾನ್ ಸೇರಿದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು, ಆಡಿದ್ದು ಮೋಹನ್ ಬಾಗಾನ್‌ಗೆ. ಎಪ್ಪತ್ತರ ದಶಕದಲ್ಲಿ ಉಲಗನಾಥನ್ ಅದೇ ಕ್ಲಬ್ಬಿಗೆ ಹೋದರು. ಊರಿನಲ್ಲಿ ಉಳಿದವರಿಗೆ ಎಚ್‌ಎಎಲ್, ಐಟಿಐ ಮೊದಲಾದ ಸಾರ್ವಜನಿಕ ಉದ್ದಿಮೆಗಳು ಕೆಲಸ ಕೊಟ್ಟು ತಂಡ ಕಟ್ಟಿದವು. ಅದೊಂದು ದೊಡ್ಡ ಆಸರೆ. ಮೈಸೂರು 1952-53ರಲ್ಲಿ, ಮತ್ತೆ 1967-68 ಹಾಗೂ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಈ ಬಲದಿಂದಲೇ. ಆದರೆ ಗಲ್ಲಿಯ ಕ್ಲಬ್ಬು, ಮೊದಲ ಚೆಂಡು ಕೊಟ್ಟ ಕ್ಲಬ್ಬು, ವಂತಿಗೆ ಎತ್ತಿಯೇ ಬದುಕಬೇಕಾಯಿತು. ಮೈದಾನಗಳು ಒಂದೊಂದಾಗಿ ಕಟ್ಟಡಗಳಾದವು. ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕದ ಕೈಗೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ರಿಯಾದ್ ನಗರದಲ್ಲಿ. ವರ್ಗಾವಣೆ ಶುಲ್ಕವಿದ್ದಿದ್ದರೆ ಈ ಅರ್ಧ ಶತಮಾನದ ಬರ ಬರುತ್ತಲೇ ಇರಲಿಲ್ಲ ಎನ್ನುವುದು ಅತಿಯಾದೀತು. ಬರಕ್ಕೆ ಕ್ರಿಕೆಟ್ಟೂ ಕಾರಣ, ಆಡಳಿತವೂ ಕಾರಣ. ಆದರೆ ಬಿತ್ತಿದವನಿಗೆ ಬೀಜದ ಕಾಸೂ ಹುಟ್ಟದ ಹೊಲದಲ್ಲಿ ಎಷ್ಟು ವರ್ಷ ಬೆಳೆ ನಿರೀಕ್ಷಿಸಬಹುದು?

ಯುರೋಪಿನಲ್ಲಿ ಈ ಲೆಕ್ಕಾಚಾರ ಬೇರೆ ತಿರುವು ಪಡೆಯಿತು. 1995ರಲ್ಲಿ ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಮೇಲೆ, ಕರಾರು ಮುಗಿದ ಆಟಗಾರನಿಗೆ ಶುಲ್ಕ ಕೇಳುವಂತಿಲ್ಲವೆಂದಾಯಿತು. ಹಾಗಾಗಿ ಕರಾರಿನ ನಡುವೆ ಬಿಡಿಸಿಕೊಳ್ಳುವ ಬೆಲೆ ಗಗನಕ್ಕೇರಿತು. ಟೆಲಿವಿಷನ್ನಿನ ಹಣ ಅದಕ್ಕೆ ಗಾಳಿ ಊದಿತು. ಇದರ ನಡುವೆ ಬೆಳೆಸಿದ ಊರುಗಳು ಬಡವಾಗುವುದನ್ನು ಕಂಡ ಫಿಫಾ 2001ರಲ್ಲಿ ಒಂದು ನಿಯಮ ತಂದಿತು. ಅಂತರರಾಷ್ಟ್ರೀಯ ವರ್ಗಾವಣೆಯಾದರೆ ಶುಲ್ಕದ ಶೇ. 5ರಷ್ಟನ್ನು, ಆಟಗಾರನಿಗೆ 12ರಿಂದ 23 ವರ್ಷ ತುಂಬುವವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. 22 ಕೋಟಿ 20 ಲಕ್ಷ ಯೂರೊದಲ್ಲಿ ಈ ಪಾಲು 1 ಕೋಟಿ 11 ಲಕ್ಷ ಯೂರೊ ಆಗುತ್ತದೆ. ಸುಮಾರು 80 ಕೋಟಿ ರೂಪಾಯಿ. ಹುಡುಗ ನೇಮರನ ಕೈಗೆ ಅಂಗಿ ಕೊಟ್ಟ ಸ್ಯಾಂಟೋಸ್ ಎಂಬ ಬಂದರು ನಗರದ ಕ್ಲಬ್ಬಿಗೆ, ಆತ ತನ್ನನ್ನು ಬಿಟ್ಟುಹೋದ ನಾಲ್ಕು ವರ್ಷಗಳ ನಂತರವೂ, ಆ ಹಣದಲ್ಲಿ ಪಾಲು ಕೇಳುವ ಹಕ್ಕು ಈ ನಿಯಮದಿಂದ ಬಂತು. ಆಕಾಶಕ್ಕೇರುವ ಮೊತ್ತಗಳನ್ನು ಕಂಡು ಮೂಗು ಮುರಿಯುವವರು ಈ ಶೇ. 5ರ ಮಾತನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಇಡೀ ವ್ಯಾಪಾರದಲ್ಲಿ ನ್ಯಾಯವೆಂಬುದು ಏನಾದರೂ ಇದ್ದರೆ ಅದು ಅಲ್ಲಿದೆ.

ಭಾರತದಲ್ಲೂ ಕಾಲ ಬದಲಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, ಆಮೇಲೆ ಕಂಠೀರವ ಕ್ರೀಡಾಂಗಣವನ್ನು ತುಂಬಿಸಿತು. ಕರಾರು, ಏಜೆಂಟ್, ಶುಲ್ಕ ಎಂಬ ಪದಗಳು ಇಲ್ಲಿನ ಕ್ರೀಡಾಪುಟಗಳಿಗೂ ಬಂದವು. ಭಾರತೀಯ ಆಟಗಾರರ ವರ್ಗಾವಣೆಯ ಮೊತ್ತ ಕೋಟಿಯ ಲೆಕ್ಕಕ್ಕೆ ಏರಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಂತಿದೆ. ವಿಶ್ವಕಪ್ ಬಂದರೆ ಆ ಬೀದಿಗಳು ಹಳದಿ ಬಣ್ಣ ತಳೆಯುತ್ತವೆ.

ಈ ಬದಲಾವಣೆಗಳನ್ನೆಲ್ಲ ಅಹಮದ್ ಖಾನ್ ಬದುಕಿದ್ದು ಕಂಡರು. ಹೆಲ್ಸಿಂಕಿಯಲ್ಲಿ ಆಡಿದ ಸಂಗಾತಿಗಳು ಒಬ್ಬೊಬ್ಬರಾಗಿ ಅಗಲಿದರು. ನಾಯಕ ಶೈಲೇನ್ ಮನ್ನಾ 2012ರಲ್ಲಿ ತೀರಿಕೊಂಡರು. ಅಹಮದ್ ಖಾನರ ಕೊನೆಯ ದಿನಗಳು ಕಳೆದದ್ದು ಹುಟ್ಟಿದ ಬೆಂಗಳೂರಿನಲ್ಲೇ. ಈಸ್ಟ್ ಬೆಂಗಾಲಿನ ಇತಿಹಾಸ ಬರೆದವರೆಲ್ಲ ಪಂಚ ಪಾಂಡವರಿಗೊಂದು ಅಧ್ಯಾಯ ಮೀಸಲಿಟ್ಟರು. ಬೆಂಗಳೂರಿನ ಇತಿಹಾಸ ಬರೆದವರು ಕೆರೆ, ಕೋಟೆ, ಸಾಫ್ಟ್‌ವೇರ್‌ಗಳನ್ನು ಬರೆದರು. ನಿಧನದ ಸುದ್ದಿ ಬಂದ ದಿನ ಅವರಿಗೆ ತೊಂಬತ್ತೊಂದು ತುಂಬಲು ಇನ್ನೂ ನಾಲ್ಕು ತಿಂಗಳು ಉಳಿದಿತ್ತು. ಒಲಿಂಪಿಕ್ಸ್ ದಾಖಲೆಯಲ್ಲಿ 1952ರ ಜುಲೈ 15ರ ಆ ಪಂದ್ಯದ ಸಾಲಿನಲ್ಲಿ ಭಾರತದ ಕಡೆ ಒಂದೇ ಹೆಸರು ಇದೆ: ಅಹಮದ್ ಖಾನ್, 89ನೇ ನಿಮಿಷ.